ತಮ್ಮನ ಹೊಟ್ಟೆ, ನನ್ನ ಮಾತು

ನಮ್ಮ ಸುಶೀಲ ಈಗ ದೊಡ್ಡ ನರ್ಸು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ವಾರ್ಡಿನ ಕೆಲಸ ಕಲಿಸುವುದು ಅವಳ ಪಾಲಿಗೆ ಬಂದಿದೆ. ಅವಳು ನನ್ನ ತಮ್ಮನ ಮಗಳು. ಹೋದ ತಿಂಗಳು ಬಂದವಳು ಒಂದು ದಪ್ಪ ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲಿಟ್ಟು, "ಅತ್ತೆ, ನಿಮ್ಮ ಕಾಲ್ದಲ್ಲಿ ವಾರ್ಡು ಎಂಗಿತ್ತು, ಆಯಾ ಕೆಲಸ ಅಂದ್ರೆ ಏನು, ಎಲ್ಲಾ ಬರ್ದುಕೊಡಿ. ನಮ್ಮ ಹುಡುಗೀರ್ಗೆ ಓದಿ ಹೇಳ್ತೀನಿ" ಎಂದಳು.

"ಮೂರನೇ ಕ್ಲಾಸು ಓದಿದೋಳ ಕೈಲಿ ಏನು ಬರಸ್ತೀಯವ್ವ?" ಎಂದೆ.

"ಅಪ್ಪ ನಿಮ್ಗೆ ಬರೆಯೋದು ಕಲಿಸಿದ್ರಂತಲ್ಲ" ಎಂದಳು. ಅಪ್ಪ ಎಂಬ ಮಾತು ಬಂದಾಗ ಅವಳು ಯಾವಾಗಲೂ ಮುಖ ಬೇರೆ ಕಡೆ ತಿರುಗಿಸುತ್ತಾಳೆ. ಅವತ್ತೂ ತಿರುಗಿಸಿದಳು.

ನಿಜ, ಅವನೇ ಕಲಿಸಿದ್ದು. ಮೂರನೇ ಕ್ಲಾಸಿಗೆ ನನ್ನನ್ನು ಬಿಡಿಸಿ ಎಮ್ಮೆ ಕಾಯಲು ಕಳಿಸಿದ ಮೇಲೆ, ಸ್ಕೂಲಿಗೆ ಹೋಗುತ್ತಿದ್ದ ತಮ್ಮ ಸಾಯಂಕಾಲ ತನ್ನ ಸ್ಲೇಟಿನಲ್ಲಿ ನನ್ನಿಂದ ಒತ್ತಕ್ಷರ ತಿದ್ದಿಸುತ್ತಿದ್ದ. ಅವನು ಕಲಿಸಿದ ಅಕ್ಷರದಲ್ಲೇ ಈಗ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹತ್ತು ಹಾಳೆಯಲ್ಲಿ ಬೆಡ್‌ಪ್ಯಾನು, ಸ್ಪಿರಿಟು, ಸಿರಿಂಜು ಎಂದು ಬರೆದೆ. ಆಮೇಲೆ ಹರಿದು ಒಲೆಗೆ ಹಾಕಿದೆ. ನಾನು ಮಾಡಿದ ಒಂದು ತಪ್ಪನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬರೆದರೆ ಅದು ಸುಳ್ಳೇ ಆಗುತ್ತದೆ. ನನ್ನ ತಮ್ಮ ಮಂಜಯ್ಯ ಮೇಷ್ಟ್ರಾಗಿದ್ದ. ನಮ್ಮ ಕೇರಿಯಿಂದ ಮೇಷ್ಟ್ರಾದವರಲ್ಲಿ ಅವನೇ ಮೊದಲನೆಯವನು. ಕುಡುಕ ಎಂದು ಅವನ ಕೆಲಸ ತೆಗೆದರು. ಅವನು ಕುಡಿಯುತ್ತಿರಲಿಲ್ಲ. ಕುಡಿಯುತ್ತಾನೆ ಎಂದವಳು ನಾನು. ಯಾಕೆ ಹಾಗೆಂದೆ ಎನ್ನುವುದು ನಿಮಗೆ ಗೊತ್ತಾಗಬೇಕಾದರೆ ಆಯಾ ಕೆಲಸ ಏನೆಂದು ಮೊದಲು ಹೇಳಬೇಕು.

ನಮ್ಮದು ಹಾಸನ ತಾಲ್ಲೂಕು ಕಟ್ಟಾಯದ ಕಡೆ. ಅಪ್ಪ ಕುಡಿದು ಕುಡಿದು ಬೇಗ ಸತ್ತ. ನನ್ನ ಗಂಡ ಮದುವೆಯಾದ ಎರಡನೇ ವರ್ಷ ಜ್ವರದಲ್ಲಿ ಹೋದ. ಅವ್ವನನ್ನೂ ತಮ್ಮನನ್ನೂ ಕಟ್ಟಿಕೊಂಡು ಹಾಸನಕ್ಕೆ ಬಂದು ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ಆದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ತಪ್ಪು ನನ್ನದು, ಕಟ್ಟಡದ್ದಲ್ಲ.

ಆಗ ಒಂದು ಸಲ ಬಳಸಿ ಬಿಸಾಡುವ ಸಾಮಾನು ಯಾವುದೂ ಇರಲಿಲ್ಲ. ಗಾಜಿನ ಸಿರಿಂಜನ್ನು ಕುದಿಸಬೇಕು, ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡಬೇಕು. ರಬ್ಬರ್ ನಳಿಕೆ ತೊಳೆದು ಒಣಗಿಸಬೇಕು. ರಕ್ತ ಹತ್ತಿದ ಬ್ಯಾಂಡೇಜು ಒಗೆದು ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಸುರುಳಿ ಸುತ್ತಬೇಕು. ಇದೆಲ್ಲ ಕೈಗೆ ಒಂದು ತಿಂಗಳಲ್ಲಿ ಬರುವ ಕೆಲಸ. ಆಯಾಳ ನಿಜವಾದ ಕೆಲಸ ಬಾಯಿಯದು. ಅದನ್ನು ಯಾರೂ ಹೇಳಿಕೊಡುವುದಿಲ್ಲ.

ಡಾಕ್ಟರು ಅರ್ಧ ಇಂಗ್ಲಿಷಿನಲ್ಲಿ ಹೇಳಿ ನಡೆದುಬಿಡುತ್ತಿದ್ದರು. ನಮ್ಮ ವಾರ್ಡಿನ ಸಿಸ್ಟರ್ ಮಂಗಳೂರಿನ ಕಡೆಯವರು. ಅವರ ಕನ್ನಡ ಅಚ್ಚು ಹಾಕಿದಂತೆ ಇರುತ್ತಿತ್ತು. ಒಂದು ದಿನ ಹೊಳೆನರಸೀಪುರದಿಂದ ಬಂದಿದ್ದ ಮುದುಕಿಗೆ ಅವರು, "ನೀವು ದ್ರವ ಪದಾರ್ಥವನ್ನು ಮಾತ್ರ ಸೇವಿಸತಕ್ಕದ್ದು" ಎಂದರು.

ಮುದುಕಿ ಕೈ ಮುಗಿದು ಕಣ್ಣು ಮುಚ್ಚಿಕೊಂಡಿತು. ಅವರು ಆ ಕಡೆ ಹೋದ ಮೇಲೆ ನನ್ನನ್ನು ಕರೆದು, "ಏನ್ ಮಂತ್ರ ಏಳುದ್ರವ್ವ ಅವ್ರು? ಒಳ್ಳೇದಾಗ್ತದಂತಾ?" ಎಂದು ಕೇಳಿತು.

"ಗಂಜಿ ತಿಳಿ ಬುಟ್ಟು ಇನ್ನೇನೂ ಬಾಯ್ಗಾಕ್ಬ್ಯಾಡ ಅಂದ್ರು ಕಣಜ್ಜಿ."

"ಅಂಗಂತ ಬಾಯ್ಬುಟ್ಟು ಅನ್ನಕ್ಕೆ ಏನಾಗಿತ್ತು ಆ ತಾಯ್ಗೆ!"

ಹೀಗೆ ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ಮುಟ್ಟಿಸುವುದು ನನ್ನ ಕೆಲಸವಾಯಿತು. ಹೊಟ್ಟೆನೋವು ಎಂದರೆ ಎಲ್ಲಿ, ಎಂಥದ್ದು, ಮುಟ್ಟಿನದೋ ಉಂಡಿದ್ದರದೋ, ಹೆಂಗಸರು ಡಾಕ್ಟರಿಗೆ ಹೇಳುತ್ತಿರಲಿಲ್ಲ, ನನಗೆ ಹೇಳುತ್ತಿದ್ದರು. ಬಿಡುಗಡೆಯಾಗಿ ಹೋಗುವಾಗ ಏನು ತಿನ್ನಬೇಕು, ಏನು ಬಿಡಬೇಕು ಎಂದು ಡಾಕ್ಟರು ಹೇಳಿದ್ದನ್ನು ಗಾಡಿ ಹತ್ತಿಸುವವರೆಗೂ ನಾನೇ ಹೇಳಿ ಕಳಿಸುತ್ತಿದ್ದೆ. ಊರಿಗೆ ಹೋದ ಮೇಲೆ ಅವರು, "ಡಾಕ್ಟ್ರು ಏಳುದ್ರು" ಎನ್ನುತ್ತಿರಲಿಲ್ಲ, "ಆಯಮ್ಮ ಏಳುದ್ಲು" ಎನ್ನುತ್ತಿದ್ದರು.

ಸಿಸ್ಟರ್ ನನಗೆ ಒಂದೇ ಕಟ್ಟಳೆ ಹಾಕಿದ್ದರು. "ಜವರಮ್ಮ, ಹೇಳಿದ್ದನ್ನು ಹೇಳಿದ ಹಾಗೆಯೇ ಮುಟ್ಟಿಸಬೇಕು. ನಿನ್ನದೊಂದು ಮಾತು ಸೇರಿಸಬೇಡ, ಅವರದೊಂದು ಮಾತು ಬಿಡಬೇಡ."

ಅದನ್ನು ನಾನು ಮೊದಲು ಮುರಿದದ್ದು ಅದೇ ಮುದುಕಿಯ ವಿಷಯದಲ್ಲಿ. ಆಪರೇಷನ್ ಆದ ದಿನ ಬಾಯಿಗೆ ಏನೂ ಹಾಕಕೂಡದು ಎಂದಿದ್ದರು. ಮುದುಕಿ ನಾಲಗೆ ಚಾಚಿ, "ಒಂದ್ ತೊಟ್ಟು ನೀರು ಬುಡವ್ವ, ನಿನ್ ಒಟ್ಟೆ ತಣ್ಗಿರ್ಲಿ" ಎಂದಿತು. ನೋಡಲಾರದೆ ಅರ್ಧ ಲೋಟ ಕುಡಿಸಿದೆ. ಗಳಿಗೆಯಲ್ಲಿ ವಾಂತಿಯಾಗಿ, ಓಕರಿಸಿ ಓಕರಿಸಿ ಹೊಲಿಗೆ ಬಿಟ್ಟುಹೋಯಿತು. ಮತ್ತೆ ಹೊಲಿದರು. ಮುದುಕಿ ಬದುಕಿತು. ಸಿಸ್ಟರ್ ಬೈಯಲಿಲ್ಲ. ವಾಂತಿ ಬಳಿಯಲು ಹೋದ ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು, ಮೊಣಕಾಲೂರಿ ತಾವೇ ಬಳಿದರು. ಎದ್ದು ನಿಂತು, "ಕನಿಕರದಿಂದ ಕೊಟ್ಟೆ, ಅಲ್ಲವಾ? ನಿನ್ನ ಕನಿಕರ ಡಾಕ್ಟರ್ ಪರೀಕ್ಷೆ ಪಾಸು ಮಾಡಿಲ್ಲ" ಎಂದರು.

ಅವತ್ತಿಗೆ ಬುದ್ಧಿ ಬಂತು ಎಂದುಕೊಂಡೆ. ಹೊರಗಿನವರ ವಿಷಯದಲ್ಲಿ ಬಂದಿತ್ತು. ಮನೆಯವರ ವಿಷಯದಲ್ಲಿ ಬಂದಿರಲಿಲ್ಲ.

ಮಂಜ ಆಗ ಮೇಷ್ಟ್ರ ಟ್ರೈನಿಂಗ್ ಓದುತ್ತಿದ್ದ. ಹೊತ್ತಿಗೆ ಸರಿಯಾಗಿ ಉಣ್ಣದೆ, ಕಾರದ ಚಟ್ನಿ ಮೇಲೆ ನೀರು ಕುಡಿದು ಓದಿದವನು. ಹೊಟ್ಟೆಯಲ್ಲಿ ಹುಣ್ಣಾಯಿತು. ಉಂಡಿದ್ದೆಲ್ಲ ವಾಂತಿ. ಕಡೆಗೆ ರಕ್ತವೂ ಬಂತು. ಮೈಸೂರಿನಿಂದ ವರ್ಗವಾಗಿ ಬಂದಿದ್ದ ಸರ್ಜನ್ ಒಬ್ಬರು ನಮ್ಮ ಆಸ್ಪತ್ರೆಯಲ್ಲೇ ಕೊಯ್ದರು. ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದ ಚೂರನ್ನು ಕರುಳಿಗೆ ಹೊಲಿದರು. ಎದೆಗೂಡಿನ ಕೆಳಗಿನಿಂದ ಹೊಕ್ಕುಳವರೆಗೆ ಒಂದು ಗೆರೆ. ಹದಿನೈದು ದಿವಸಕ್ಕೆ ಎದ್ದು ಕೂತ. ಆ ಸರ್ಜನ್ ಕೈಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಬಿಡುಗಡೆಯ ಹಿಂದಿನ ದಿನ ಅವರು ವರಾಂಡದಲ್ಲಿ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು. "ಇವನ ಹೊಟ್ಟೆ ಇನ್ನು ಮುಷ್ಟಿಯಷ್ಟು. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ ತಿನ್ನಬೇಕು. ಚೆನ್ನಾಗಿ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು. ಉಂಡ ಮೇಲೆ ಕಾಲು ಗಂಟೆ ಮಲಗಬೇಕು. ಬೆಲ್ಲ, ಸಕ್ಕರೆ ಬೇಡವೇ ಬೇಡ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲದೆ ಧಡಕ್ಕನೆ ಕರುಳಿಗೆ ಬೀಳುತ್ತೆ. ಬೆವರುತ್ತಾನೆ, ತಲೆ ಸುತ್ತುತ್ತೆ."

"ಎಷ್ಟು ದಿವ್ಸ ಸಾ?"

"ಜೀವ ಇರುವವರೆಗೂ."

ಮಾರನೇ ದಿನ ಅವ್ವನಿಗೂ ಮಂಜನಿಗೂ ಹೇಳುವಾಗ ನಾನು ಎರಡು ಮಾತು ಬಿಟ್ಟೆ. ಬೆಲ್ಲ ಸಕ್ಕರೆಯ ಮಾತು ಬಿಟ್ಟೆ. ಕಡ್ಡಿಯಂತೆ ಆಗಿದ್ದ ಹುಡುಗನಿಗೆ ಸಿಹಿ ಕೂಡದು ಎಂದರೆ ಅವ್ವ ನಂಬುತ್ತಿರಲಿಲ್ಲ. ನಾನೂ ನಂಬಲಿಲ್ಲ. ಸಿಹಿ ಬಿಡುವುದು ಸಕ್ಕರೆ ಕಾಯಿಲೆಯವರು, ಇವನಿಗ್ಯಾಕೆ ಎಂದುಕೊಂಡೆ. ಇನ್ನೊಂದು, ಜೀವ ಇರುವವರೆಗೆ ಎನ್ನುವ ಬದಲು ಮೂರು ತಿಂಗಳು ಎಂದೆ. ಅವ್ವ ಅಳುತ್ತಾಳೆಂದು ಹಾಗೆಂದೆ. ಸರ್ಜನ್ ಆಮೇಲೆ ಬೇಗನೆ ಬೇರೆ ಊರಿಗೆ ಹೋದರು. ಅವರು ಹೇಳಿದ್ದು ನನ್ನ ಕಿವಿಯಲ್ಲಿ ಮಾತ್ರ ಉಳಿಯಿತು. ಅವ್ವ ಹುರಿಹಿಟ್ಟಿಗೆ ಬೆಲ್ಲ ಕಲಸಿ ಮಗನ ಬಾಯಿಗಿಟ್ಟಳು, ಮೈ ತುಂಬಿಕೊಳ್ಳಲಿ ಎಂದು. ಮೊದಲು ಸ್ವಲ್ಪ ಸಂಕಟವಾಗುತ್ತಿತ್ತು. "ಒಸಾ ಒಟ್ಟೆ, ಒಗ್ಗಬೇಕು" ಎಂದಳು ಅವ್ವ. ಒಗ್ಗಿತು ಎಂದೇ ನಾವೆಲ್ಲ ತಿಳಿದೆವು.

ಟ್ರೈನಿಂಗ್ ಮುಗಿದು ನೇಮಕದ ಕಾಗದ ಬಂತು. ಮೈ ಗಟ್ಟಿಯಾಗಿದೆ ಎಂದು ಡಾಕ್ಟರ ಸರ್ಟಿಫಿಕೇಟು ತರಬೇಕು. ಹೊಟ್ಟೆ ಕೊಯ್ಸಿಕೊಂಡವನಿಗೆ ಕೊಡುವುದಿಲ್ಲ ಎಂದು ಯಾರೋ ಹೆದರಿಸಿದ್ದರು. ನಾನು ಹೊರರೋಗಿಗಳ ಜಾತ್ರೆ ನೆರೆದ ಹೊತ್ತು ನೋಡಿ ಮಂಜನನ್ನು ಡಾಕ್ಟರ ಮುಂದೆ ನಿಲ್ಲಿಸಿದೆ. ಸರ್ಜನ್ ಹೋದ ಮೇಲೆ ಬಂದ ಡಾಕ್ಟರು ಅವರು, ಇವನನ್ನು ಕಂಡವರಲ್ಲ.

"ನನ್ ತಮ್ಮ ಸಾ" ಎಂದೆ.

ಅವರು ಕಣ್ಣು ನೋಡಿದರು, ನಾಲಗೆ ನೋಡಿದರು, ಅಂಗಿಯ ಮೇಲೆಯೇ ಎದೆಗೆ ಸ್ಟೆತಾಸ್ಕೋಪು ಇಟ್ಟರು. "ಆಪರೇಷನ್ ಏನಾದ್ರೂ ಆಗಿದೆಯೇನಪ್ಪಾ?" ಎಂದರು.

ಮಂಜ ಬಾಯಿ ತೆರೆದ. ಅವನು ಸುಳ್ಳು ಹೇಳುವವನಲ್ಲ. ಅವನಿಗಿಂತ ಮೊದಲು ನಾನೇ, "ಇಲ್ಲ ಸಾ, ಗುಂಡ್ಕಲ್ಲಂಗವ್ನೆ" ಎಂದೆ. ನನ್ನ ಮಾತಿನ ಮೇಲೆ ಅವರು ರುಜು ಹಾಕಿದರು.

ಹೊರಗೆ ಬಂದು ಮಂಜ, "ಯಾಕಕ್ಕ ಅಂಗಂದೆ? ಗೊತ್ತಾದ್ರೆ ನಿನ್ ಕೆಲ್ಸನೂ ಓಯ್ತದೆ" ಎಂದ.

"ಗೊತ್ತಾಗಕ್ಕೆ ನೀನು ಅಂಗಿ ಬಿಚ್ಕಂಡ್ ಪಾಠ ಮಾಡ್ತೀಯೇನ್ಲಾ?" ಎಂದೆ. ಇಬ್ಬರೂ ನಕ್ಕೆವು.

ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಸ್ಕೂಲು. ಒಂದೇ ಕೋಣೆ, ಒಬ್ಬನೇ ಮೇಷ್ಟ್ರು. ಮೊದಲ ವರ್ಷ ಮೇಲಿನ ಕೇರಿಯವರು ಮಕ್ಕಳನ್ನು ಕಳಿಸಲು ಹಿಂದುಮುಂದು ನೋಡಿದರು. ಮಕ್ಕಳು ಮನೆಗೆ ಹೋಗಿ ಮಗ್ಗಿ ಒಪ್ಪಿಸತೊಡಗಿದ ಮೇಲೆ ಸುಮ್ಮನಾದರು. ಅವನಿಗೆ ಮದುವೆಯಾಯಿತು. ರಾಜ್ಯ ಒಂದಾಯಿತು. ಸುಶೀಲ ಹುಟ್ಟಿದಳು.

ಆಪರೇಷನ್ ಆಗಿ ಆರೇಳು ವರ್ಷವಾಗಿರಬಹುದು. ಯುಗಾದಿಗೆ ಅವನ ಊರಿಗೆ ಹೋಗಿದ್ದೆ. ಅವನ ಹೆಂಡತಿ ಮಗು ಕರೆದುಕೊಂಡು ತವರಿಗೆ ಹೋಗಿದ್ದಳು. ನಾನೇ ಅಡುಗೆ ಮಾಡಿದೆ. ಹಬ್ಬದ ಹಿಂದಿನ ದಿನ ಜಗಲಿಯ ಮೇಲೆ ಕೂತು ಉಣ್ಣುವಾಗ ಅವನು ಮುದ್ದೆಯನ್ನು ಅಗಿಯುತ್ತಿದ್ದ. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ನೋಡಿ, "ಬನ್ರಪ್ಪೋ, ಮೇಷ್ಟ್ರು ಮುದ್ದೆ ಅಗೀತಾವ್ರೆ! ಹಲ್ಲಿಗೆ ಕಲ್ಲು ಸಿಕ್ಕಾತು ಸಾ!" ಎಂದ. ನಮ್ಮ ಸೀಮೆಯಲ್ಲಿ ಮುದ್ದೆ ನುಂಗುವುದು. ಅಗಿದರೆ ಹಾಲುಹಲ್ಲಿನ ಮಗುವೂ ನಗುತ್ತದೆ. ನಾನೂ ನಕ್ಕೆ. ಮಂಜ ನಾಚಿ, ದೊಡ್ಡ ದೊಡ್ಡ ತುತ್ತು ಮುರಿದು ನುಂಗಿದ.

ಹಬ್ಬದ ದಿನ ಮೇಲಿನ ಕೇರಿಯಿಂದ ಒಬ್ಬಟ್ಟು ಬಂತು. ಎಲೆಯಲ್ಲಿ ಸುತ್ತಿ, ತುಪ್ಪ ಸುರಿದು, ಗೌಡರೊಬ್ಬರು ತಾವೇ ತಂದು ಜಗಲಿಯ ಮೇಲಿಟ್ಟರು. ಅವರು ಒಳಗೆ ಬರಲಿಲ್ಲ. ಆದರೂ ಇದೇನು ಸಣ್ಣ ಸಂಗತಿಯೇ? ನಮ್ಮ ಅಪ್ಪ ಅಂಥವರ ಹಿತ್ತಲಲ್ಲಿ ಕೂತು ಕೈಯೊಡ್ಡಿ ಉಂಡವನು. ಈಗ ಅವರೇ ತಂದಿಟ್ಟಿದ್ದಾರೆ, ಮೇಷ್ಟ್ರೇ ಎನ್ನುತ್ತಿದ್ದಾರೆ.

"ನಮ್ ಮುಂದ್ಗಡೆನೇ ಉಂಡ್ಕಳಿ ಮೇಷ್ಟ್ರೆ. ನಮ್ ಉಡುಗಂಗೆ ಅಕ್ಸರ ಕಲ್ಸಿದೀರಿ, ಸಿಹಿ ತಿನ್ನೋದ್ ನೋಡ್ಬೇಕು" ಎಂದರು.

ಬೇಡ ಎನ್ನುವ ಬಾಯಿ ಅವನಿಗಿರಲಿಲ್ಲ. ಮೂರು ಒಬ್ಬಟ್ಟು ತಿಂದ. ಗೌಡರು ಇನ್ನೂ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದಂತೆಯೇ ಮಂಜನ ಮುಖ ಬಿಳಿಚಿತು. ಹಣೆಯಿಂದ ಬೆವರು ತೊಟ್ಟಿಕ್ಕಿತು. ನಿಂತವನು ವಾಲಿದ, ಗೋಡೆ ಹಿಡಿದ. ಏನೋ ಹೇಳಲು ಹೋದ, ನಾಲಗೆ ತೊದಲಿತು. ಒಳಗೆ ಬಂದು ನೆಲದ ಮೇಲೆ ಬಿದ್ದುಕೊಂಡ. ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲೆಯೇ ಕಾಣುತ್ತಿತ್ತು. ಆಮೇಲೆ ಹಿತ್ತಲಿಗೆ ಎರಡು ಸಲ ಓಡಿದ.

ಹೊರಗೆ ಗೌಡರು ಯಾರಿಗೋ, "ಮೇಷ್ಟ್ರು ಅಬ್ಬದ್ ದಿನ ಬೆಳಗ್ಗೆಯಿಂದ್ಲೇ ಸುರು ಮಾಡ್ಕಂಡವ್ರೆ ಕಣ್ಲಾ" ಎನ್ನುವುದು ಕೇಳಿಸಿತು.

ನನಗೆ ಅಪ್ಪನ ನೆನಪಾಯಿತು. ಹೀಗೆಯೇ ಬೆವರುತ್ತಿದ್ದ, ಹೀಗೆಯೇ ತೊದಲುತ್ತಿದ್ದ. ಬಗ್ಗಿ, ಮಂಜನ ಬಾಯಿಯ ಹತ್ತಿರ ಮೂಗಿಟ್ಟು ಮೂಸಿದೆ. ಏಲಕ್ಕಿ, ತುಪ್ಪ. ಒಬ್ಬಟ್ಟಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅವನು ಕಣ್ಣು ತೆರೆದು ನೋಡಿದ. "ನೀನೂ ಮೂಸ್ತೀಯಾ ಅಕ್ಕ?" ಎಂದ.

"ಯಾವಾಗ್ಲಿಂದ ಇಂಗೆ?"

"ವರ್ಸ್‌ಗಳಾಯ್ತು. ಉಂಡ್ರೆ ಸಾಕು. ಎಲ್ಲಾ ದಿನ ಅಲ್ಲ."

ಸರ್ಜನ್ ಹೇಳಿದ ಮಾತು ಆಗ ನನ್ನ ಕಿವಿಗೆ ಬಂದಿರಬೇಕಿತ್ತು. ಬರಲಿಲ್ಲ ಎಂದು ಹೇಳಿದರೆ ಅರ್ಧ ನಿಜ. ಬಂದಿತ್ತು, ನಾನೇ ತಳ್ಳಿದೆ. ಬೆವರು, ತಲೆಸುತ್ತು ಎಂದಿದ್ದರು. ಇಷ್ಟು ವರ್ಷದ ಮೇಲೂ ಅದೇ ಇರುತ್ತದೆಯೇ ಎಂದುಕೊಂಡೆ. ಆಸ್ಪತ್ರೆಗೆ ಬಾ ಎಂದರೆ ಅಂಗಿ ಬಿಚ್ಚಿಸುತ್ತಾರೆ, ಗೆರೆ ಕಾಣುತ್ತದೆ, ಯಾವಾಗ ಕೊಯ್ಸಿದ್ದು ಎನ್ನುತ್ತಾರೆ. "ಪಿತ್ತ ಇರ್ಬೇಕು, ಜೀರಿಗೆ ಕಸಾಯ ಕುಡಿ" ಎಂದು ಹೇಳಿ ಬಸ್ಸು ಹತ್ತಿದೆ.

ಅದೇ ವರ್ಷ ಮಳೆಗಾಲದಲ್ಲಿ ನಮ್ಮ ವಾರ್ಡಿಗೆ ಒಬ್ಬ ಹೆಂಗಸು ಹೆರಿಗೆಗೆ ಸೇರಿದಳು. ಆಕೆಯ ಗಂಡ ಸ್ಕೂಲ್ ಇನ್‌ಸ್ಪೆಕ್ಟರ್. ಅರಕಲಗೂಡು ಕಡೆಯ ಸ್ಕೂಲುಗಳೂ ಅವರ ಕೈಕೆಳಗೆ. ಒಳ್ಳೆಯ ಮನುಷ್ಯರು. ಒಂದು ದಿನ ಹೆಂಡತಿಯನ್ನು ನೋಡಿ ಹೊರಗೆ ಬಂದವರು ವರಾಂಡದಲ್ಲಿ ನನ್ನನ್ನು ಕರೆದರು. ಸರ್ಜನ್ ನಿಲ್ಲಿಸಿಕೊಂಡಿದ್ದ ಜಾಗವೇ ಅದು.

"ಏನಮ್ಮಾ, ಮಂಜಯ್ಯ ಅಂತ ಮೇಷ್ಟ್ರು, ನಿನ್ನ ತಮ್ಮನಂತೆ?"

"ಹೂಂ ಸಾ."

"ಊರಿನವರು ಅರ್ಜಿ ಹಾಕಿದಾರೆ, ಮಧ್ಯಾಹ್ನ ಕುಡಿದು ಸ್ಕೂಲಲ್ಲೇ ಬಿದ್ದಿರ್ತಾರೆ ಅಂತ. ನಾನು ನೋಡಿದ ಹಾಗೆ ಆತ ಅಂಥವನಲ್ಲ. ಏನಾದ್ರೂ ಕಾಯಿಲೆ ಇದೆಯಾ? ಇದ್ರೆ ಹೇಳು. ಡಾಕ್ಟರ ಹತ್ರ ಕಳಿಸಿ ತೋರಿಸೋಣ."

ಈಗ ಬರೆಯುವಾಗ ಆ ಮಾತಿನಲ್ಲಿ ಬಾಗಿಲು ತೆರೆದಿದ್ದು ಕಾಣುತ್ತದೆ. ಅವತ್ತು ನನಗೆ ಕಂಡಿದ್ದು ಬೇರೆ. ಕಾಯಿಲೆ ಎಂದರೆ ಡಾಕ್ಟರು, ಡಾಕ್ಟರು ಎಂದರೆ ಅಂಗಿ ಬಿಚ್ಚುವುದು, ಗೆರೆ, ಸರ್ಟಿಫಿಕೇಟು, "ಗುಂಡ್ಕಲ್ಲಂಗವ್ನೆ" ಎಂದ ನಾನು. ಕುಡಿತ ಎಂದರೆ ಬೈದು ಬಿಡುತ್ತಾರೆ, ಹೆಚ್ಚೆಂದರೆ ಬೇರೆ ಊರಿಗೆ ಹಾಕುತ್ತಾರೆ. ನಮ್ಮ ಆಸ್ಪತ್ರೆಯಲ್ಲಿ ಕುಡಿದು ಬರುತ್ತಿದ್ದ ಇಬ್ಬರು ಜವಾನರಿಗೆ ವಾರ್ನಿಂಗ್ ಕೊಟ್ಟು ಬಿಟ್ಟಿದ್ದನ್ನು ನೋಡಿದ್ದೆ. ಮೈಯಲ್ಲಿ ಐಬಿದೆ ಎಂದು ಇನ್ನೊಬ್ಬನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ್ದನ್ನೂ ನೋಡಿದ್ದೆ. ಕಾಯಿಲೆಗಿಂತ ಕುಡಿತವೇ ವಾಸಿ ಎಂದು ಲೆಕ್ಕ ಹಾಕಿದೆ. ತಮ್ಮನ ಕೆಲಸ ಉಳಿಸುತ್ತಿದ್ದೇನೆ ಎಂದುಕೊಂಡೆ. ಅದರ ಅಡಿಯಲ್ಲಿ ನನ್ನ ಕೆಲಸವೂ ಇತ್ತು.

"ಕಾಯ್ಲೆ ಇಲ್ಲ ಸಾ. ಸ್ವಲ್ಪ ಕುಡಿಯೋದು ಕಲ್ತವ್ನೆ. ನಮ್ಮಪ್ಪಂದೂ ಅದೇ ಚಾಳಿ. ನೀವು ಒಂದ್ಸಲ ಗದರುಸ್ಬುಡಿ, ಬುಟ್ಬುಡ್ತಾನೆ" ಎಂದೆ.

"ಬಾಯಲ್ಲಿ ವಾಸನೆ ಇರೋದಿಲ್ಲ ಅಂತಾರಲ್ಲಮ್ಮಾ?"

"ಏಲಕ್ಕಿ ಅಗೀತಾನೆ ಸಾ" ಎಂದೆ.

ಯಾರೂ ಕೇಳದೆ ಇದ್ದ ಮಾತನ್ನು ಸೇರಿಸಿದೆ. ಅವರು, "ಸ್ವಂತ ಅಕ್ಕನೇ ಹೇಳಿದ ಮೇಲೆ..." ಎಂದು ಅರ್ಧಕ್ಕೆ ನಿಲ್ಲಿಸಿ ಹೋದರು.

ಮುಂದಿನ ವರ್ಷ ರಾಮನವಮಿ ಆದ ವಾರ ಅವರು ತನಿಖೆಗೆ ಹೋದರು. ಆ ಊರಿನ ಭಜನೆಮನೆಯಲ್ಲಿ ರಾಮನವಮಿ ಒಂದು ದಿನಕ್ಕೆ ಮುಗಿಯುವುದಿಲ್ಲ. ದಿನಕ್ಕೊಂದು ಮನೆಯವರ ಪಾನಕ. ಸ್ಕೂಲಿಗೂ ಒಂದು ಚೊಂಬು ಬೆಲ್ಲದ ಪಾನಕ ಬಂದಿತ್ತು. ಮೇಷ್ಟ್ರು ಮೊದಲು ಕುಡಿಯಲಿ ಎಂದು ಮಕ್ಕಳು ಕಾದು ನಿಂತಿದ್ದವಂತೆ. ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತಾಗ ಅವನು ಬೆಂಚಿನ ಮೇಲೆ ಬೆವರಿನಲ್ಲಿ ನೆಂದು ಮಲಗಿದ್ದ. ಎದ್ದು ನಿಲ್ಲಲು ಹೋಗಿ ಕರಿಹಲಗೆ ಕೆಡವಿದ. ಕೇಳಿದ್ದಕ್ಕೆ ಏನೂ ಹೇಳಲಿಲ್ಲವಂತೆ. ಎರಡು ತಿಂಗಳಲ್ಲಿ ಕೆಲಸದಿಂದ ತೆಗೆದ ಕಾಗದ ಬಂತು. "ಆ ಕೇರಿಯೋರ್ಗೆ ಮೇಷ್ಟ್ರಿಕೆ ಕೊಟ್ರೆ ಇನ್ನೇನಾದಾತು?" ಎಂದು ಊರಿನಲ್ಲಿ ಆಡಿಕೊಂಡರಂತೆ. ಅವರ ಆ ಮಾತಿಗೆ ಸಾಕ್ಷಿ ಕೊಟ್ಟವಳೂ ನಾನೇ.

ಮಂಜ ಹೆಂಡತಿಯ ಕಡೆಯವರ ನೆರವಿನಿಂದ ಚನ್ನರಾಯಪಟ್ಟಣಕ್ಕೆ ಹೋಗಿ ಕೊಬ್ಬರಿ ಮಂಡಿಯೊಂದರಲ್ಲಿ ಕಾವಲಿಗೆ ನಿಂತ. ನಾನು ಹೋಗಲಿಲ್ಲ. ರಜಾ ಇಲ್ಲ ಎಂದು ಕಾಗದ ಬರೆದೆ.

ಆಮೇಲೆ ನಾಲ್ಕೈದು ವರ್ಷಕ್ಕೆ ವಾರ್ಡು ಬದಲಾಯಿತು. ಮಂಗಳೂರಿನ ಸಿಸ್ಟರ್ ಹೋದರು. ಒಬ್ಬರು ಹುಡುಗಿ ಡಾಕ್ಟರು ಬಂದರು. ಅವರು ರೋಗಿಯ ಹಾಸಿಗೆಯ ತುದಿಯಲ್ಲೇ ಕೂತು, ನಿನ್ನೆ ಏನು ಉಂಡೆ, ಉಂಡು ಎಷ್ಟು ಹೊತ್ತಿಗೆ ಹೀಗಾಯಿತು ಎಂದೆಲ್ಲ ಕೇಳಿ ಬರೆದುಕೊಳ್ಳುವರು. ಮೊದಲು ಹಾಗೆ ಕೂತು ಕೇಳುವ ಪದ್ಧತಿಯೇ ಇರಲಿಲ್ಲ.

ಚನ್ನರಾಯಪಟ್ಟಣದ ಕಡೆಯ ಒಬ್ಬ ಹೆಂಗಸು ಬಂದಳು. ಬಡಕಲು ದೇಹ, ಬಿಳಿಚಿದ ಕಣ್ಣು. ಉಂಡರೆ ಬೆವರು, ಎದೆ ಬಡಿತ, ತಲೆಸುತ್ತು. ಮನೆಯಲ್ಲಿ ದೆವ್ವ ಮೆಟ್ಟಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆಸಿದ್ದರು. ಡಾಕ್ಟರು ಸೀರೆ ಸರಿಸಿದರು. ಎದೆಗೂಡಿನಿಂದ ಹೊಕ್ಕುಳವರೆಗೆ ಗೆರೆ. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಹತ್ತಿರ ಹೋದೆ.

"ಇದು ದೆವ್ವ ಅಲ್ಲಮ್ಮ, ಬೆಲ್ಲ" ಎಂದರು ಡಾಕ್ಟರು. ಹಿಂದೆ ಸರ್ಜನ್ ಹೇಳಿದ್ದನ್ನೇ ಒಂದೊಂದಾಗಿ ಹೇಳಿದರು. ಆರು ಸಲ, ಅಗಿಯುವುದು, ನೀರು ಬೇರೆ, ಮಲಗುವುದು. "ಹೊಟ್ಟೆ ಕೊಯ್ದ ಎಷ್ಟೋ ವರ್ಷದ ಮೇಲೂ ಹೀಗಾಗುತ್ತೆ. ಆಪರೇಷನ್ ಮಾಡಿದಾಗ ನಿಮಗೆ ಇದನ್ನೆಲ್ಲ ಹೇಳಿರಲಿಲ್ವಾ?"

"ಡಾಕುಟ್ರು ಯೋಳಿದ್ರೇನೋ ಕಣವ್ವ" ಎಂದಳು ಆಕೆ. "ಆ ಆಸ್ಪತ್ರೆ ಆಯಮ್ಮ ನಂಗೇನೂ ಯೋಳ್ನಿಲ್ಲ."

ಅದು ಬೇರೆ ಊರಿನ ಬೇರೆ ಆಸ್ಪತ್ರೆಯ ಆಯಾಳ ಮಾತು. ನಾನು ಪಾತ್ರೆ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಆ ಭಾನುವಾರ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಮಂಡಿಯ ಹಿಂದೆ ಒಂದು ಕೋಣೆ. ಮಂಜ ಅರ್ಧ ಆಗಿಹೋಗಿದ್ದ. ನನ್ನನ್ನು ನೋಡಿ ನಕ್ಕು, "ಏನಕ್ಕ, ದಾರಿ ತಪ್ಪಿ ಬಂದ್ಬುಟ್ಯಾ?" ಎಂದ.

ಮಧ್ಯಾಹ್ನ ಅವನು ಉಣ್ಣುವುದನ್ನು ನೋಡಿದೆ. ಅಂಗೈಯಗಲದ ಬಟ್ಟಲಲ್ಲಿ ಒಂದಿಷ್ಟು ಮುದ್ದೆ. ಅದನ್ನು ಅಡಿಕೆಯಷ್ಟು ಅಡಿಕೆಯಷ್ಟು ಮುರಿದು, ಒಂದೊಂದನ್ನೂ ಅಗಿದು, ನೀರು ಮುಟ್ಟದೆ ಉಂಡ. ಆಮೇಲೆ ಗೋಣಿಚೀಲದ ಮೇಲೆ ಮಲಗಿದ. ಜೇಬಿನಲ್ಲಿ ಹುರಿಗಡಲೆ ಇಟ್ಟುಕೊಂಡಿದ್ದ, ಹೊತ್ತು ಹೊತ್ತಿಗೆ ತಿನ್ನಲು. ಮೂರೇ ತಿಂಗಳು ಎಂದು ನಾನು ಹೇಳಿದ್ದ ಪಥ್ಯ ಜೀವ ಇರುವವರೆಗಿನದು ಎಂದು ಬಿದ್ದು ಎದ್ದು ತಾನೇ ಕಲಿತಿದ್ದ.

"ಮಂಜ, ನಿಂಗೊಂದು ಮಾತು ಏಳ್ಬೇಕು ಕಣೋ. ಆ ಇನ್‌ಸ್ಪೆಕ್ಟ್ರಿಗೆ ನಾನು..."

"ಗೊತ್ತು ಕಣಕ್ಕ" ಎಂದ, ಸೂರು ನೋಡಿಕೊಂಡು. "ಅವತ್ತೇ ಏಳುದ್ರು ಅವ್ರು. ನಿಮ್ ಅಕ್ಕನೇ ಏಳವ್ರೆ, ನೀನೇನಂತೀಯಾ ಅಂದ್ರು."

"ನೀನು ಇಲ್ಲ ಅನ್ಬಾರ್ದಾಗಿತ್ತಾ?"

"ಇಲ್ಲ ಅಂದ್ರೆ ಮತ್ತೇನು ಅಂತ ಕೇಳೋರು. ಒಟ್ಟೆ ತೋರಿಸ್ಬೇಕಾಗಿತ್ತು. ಸರ್ಟಿಫಿಕೇಟು ಕೊಡ್ಸಿದ್ಯಾರು ಅನ್ನೋರು. ಅವ್ವ ನಿನ್ ಅನ್ನದಲ್ಲಿದ್ಲು. ಇಬ್ರು ಓಗೋ ಬದ್ಲು ಒಬ್ನು ಓಗ್ಲಿ ಅಂತ ಸುಮ್ಕಾದೆ."

ಅಷ್ಟರಲ್ಲಿ ಬಾಗಿಲಿಗೆ ಸುಶೀಲ ಬಂದಳು. ಎಂಟು ವರ್ಷದವಳು, ಎರಡು ಜಡೆ. ನನ್ನ ಕಡೆ ನೋಡಲೂ ಇಲ್ಲ. ನೇರ ಅಪ್ಪನ ಹತ್ತಿರ ಹೋಗಿ ಮಂಡಿಯೂರಿದಳು. ಮಂಜ ಅಭ್ಯಾಸವಾದವನಂತೆ ಬಾಯಿ ತೆರೆದ. ಅವಳು ಬಗ್ಗಿ ಮೂಸಿದಳು. ಎದ್ದು ಹೊರಗೆ ಓಡಿ, "ಇಲ್ಲ ಕಣವ್ವ, ಇವತ್ತಿಲ್ಲ" ಎಂದು ತಾಯಿಗೆ ಕೂಗಿ ಹೇಳಿದಳು.

"ದಿನಾ ಒಂದ್ಸಲ. ಅವ್ಳವ್ವ ಏಳ್ಕೊಟ್ಟವ್ಳೆ" ಎಂದ ಮಂಜ. "ಕೆಲ್ಸ ಓಗಿದ್ದಕ್ಕೆ ನಂಗೇನೂ ಇಲ್ಲ ಕಣಕ್ಕ. ಈ ಮಗೀಗೆ ಒಂದು ಮಾತು ಏಳ್ಬುಡು. ನಾನೇಳುದ್ರೆ, ಕುಡುಕ್ರೆಲ್ಲಾ ಅಂಗೇ ಅನ್ನೋದು ಅಂತದೆ. ನೀನು ಆಸ್ಪತ್ರೆಯೋಳು. ನಿನ್ ಮಾತು ನಂಬ್ತದೆ."

"ಏಳ್ತೀನಿ ಕಣೋ. ಪಿಂಚಣಿ ಆಗ್ಲಿ" ಎಂದೆ.

ಅವನು ತಲೆ ಆಡಿಸಿದ. ಬಸ್ಸಿನವರೆಗೂ ಬಂದ. ಕಿಟಕಿಯಲ್ಲಿ ಒಂದು ಹಿಡಿ ಹುರಿಗಡಲೆ ಕೊಟ್ಟ.

ಹುಡುಗಿ ಡಾಕ್ಟರಿಗೆ ತೋರಿಸು ಎಂದು ಎರಡು ಸಲ ಬರೆದೆ. ಒಮ್ಮೆ ಬಂದ, ರಕ್ತ ಬಹಳ ಕಡಿಮೆ ಇದೆ ಎಂದು ಔಷಧಿ ಕೊಟ್ಟರು. ಆದರೆ ಸವೆದ ಮೈ ಮತ್ತೆ ಎದ್ದು ನಿಲ್ಲಲಿಲ್ಲ. ಕೆಮ್ಮು ಹಿಡಿಯಿತು. ಸುಶೀಲ ಹತ್ತನೇ ಕ್ಲಾಸಿನಲ್ಲಿದ್ದಾಗ ಹೋದ. ನನ್ನ ಪಿಂಚಣಿಗೆ ಆಗ ಇನ್ನೂ ವರ್ಷಗಳಿದ್ದವು. ಮಣ್ಣಿಗೆ ಬಂದವರು, "ಒಳ್ಳೇವ್ನೇ, ಕುಡಿಯೋದೊಂದ್ ಇಲ್ದಿದ್ರೆ" ಎಂದರು. ನಾನು ಅಲ್ಲೇ ನಿಂತಿದ್ದೆ. ಆಗಲೂ ಹೇಳಲಿಲ್ಲ. ಪಿಂಚಣಿ ಆಗಿ ಇಷ್ಟು ವರ್ಷವಾದ ಮೇಲೂ ಹೇಳಲಿಲ್ಲ. ಮೊದಲು ಕೆಲಸಕ್ಕೆ ಹೆದರಿದೆ, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವಳು ಕೇಳುವ ಪ್ರಶ್ನೆಗೆ ಹೆದರಿದೆ.

ಹೊಸದಾಗಿ ವಾರ್ಡಿಗೆ ಬರುವ ಹುಡುಗಿಯರೇ, ಸಿರಿಂಜು ಕುದಿಸುವ ಕೆಲಸ ನಿಮಗಿಲ್ಲ. ನನ್ನ ಕಾಲದ್ದು ನಿಮಗೆ ಬೇರೇನೂ ಬೇಕಾಗುವುದಿಲ್ಲ. ಆದರೆ ರೋಗಿ ಮನೆಗೆ ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳುವ ಮಾತು ಇನ್ನೂ ನಿಮ್ಮ ಬಾಯಲ್ಲೇ ಇದೆ. ಅದರಲ್ಲಿ ಒಂದನ್ನೂ ಬಿಡಬೇಡಿ. ರೋಗಿ ನಿಮ್ಮ ಮನೆಯವನೇ ಆಗಿದ್ದರೆ ಎರಡು ಸಲ ಹೇಳಿ.

ಸುಶೀಲ, ಇದನ್ನು ಅವರಿಗೆ ಓದುವುದಕ್ಕೆ ಮೊದಲು ನೀನೊಬ್ಬಳೇ ಓದಿಕೊ. ಓದಿದ ಮೇಲೆ ನನ್ನ ಮನೆಗೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು. ನೀನು ದಿನಾ ಮೂಸಿ, ಇವತ್ತಿಲ್ಲ ಎನ್ನುತ್ತಿದ್ದೆ. ಇವತ್ತಿಲ್ಲ ಎಂದರೆ ನಾಳೆ ಇದ್ದೀತು ಎಂದಲ್ಲವೇ ನೀನು ತಿಳಿದದ್ದು? ನಾಳೆಯೂ ಇರಲಿಲ್ಲ ಕಣವ್ವ, ನಿನ್ನೆಯೂ ಇರಲಿಲ್ಲ. ನಿನಗಿಂತ ಮೊದಲು ಆ ಬಾಯಿ ಮೂಸಿದವಳು ನಾನು. ಏಲಕ್ಕಿ, ತುಪ್ಪ. ಊರಿನವರು ತಂದುಕೊಟ್ಟ ಒಬ್ಬಟ್ಟು.